ಸುಂಕದವಳ ಮುಂದೆ

ಅವ್ವ ಬೆಟಗೇರಿಯಲ್ಲಿ ಅನ್ನುತ್ತಿದ್ದಳು,
ನೂಲಿನ ಲಡಿ ಬಿಡಿಸುತ್ತ, ತಲೆ ಎತ್ತದೆ:
"ಸುಂಕದವನ ಮುಂದ ಸುಖದುಃಖ ಹೇಳಿಕೊಂಡ್ರ
ಏನ ಬರತೈತಿ ಮಗಳ?"

ನಾನು ಬರ್ನ್‌ಲಿಗೆ ಬಂದು ಸುಂಕದವಳಾದೆ.
ಕೌನ್ಸಿಲ್ಲಿನ ಕಪ್ಪು ಕೋಟು, ಹಳದಿ ಪಟ್ಟಿ,
ಸೊಂಟದಲ್ಲಿ ಚೀಟಿ ಉಗುಳುವ ಯಂತ್ರ,
ಎದೆಯ ಮೇಲೆ ಹೆಸರಿಲ್ಲ, ಬರೀ ನಂಬರು: ಬಿ ೪೧.
ದೀಕ್ಷಾಸ್ನಾನದಲ್ಲಿ ಇಟ್ಟ ಪ್ರಿಸ್ಕಿಲ್ಲ
ಈಗ ಭಾನುವಾರಕ್ಕೆ ಮಾತ್ರ.

ಎಂಟರಿಂದ ನಾಲ್ಕು. ಆಸ್ಪತ್ರೆ ರಸ್ತೆ, ಆಲ್ಮಾ ಸ್ಟ್ರೀಟ್,
ಮುಚ್ಚಿದ ಗಿರಣಿಯ ಹಿಂದಿನ ಇಳಿಜಾರು.
ಜೋಡಿ ಹಳದಿ ಗೆರೆ ಓಡಿದಲ್ಲೆಲ್ಲ ನನ್ನ ಕಾಲು.
ಜನ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳದವರು ಯಾರು?
ಎರಡೇ ನಿಮಿಷ, ಔಷಧಿ ಅಂಗಡಿಗೆ.
ಮಗು ವಾಂತಿ ಮಾಡಿಕೊಂಡಿತು.
ಚಿಲ್ಲರೆ ಇರಲಿಲ್ಲ. ಬೋರ್ಡು ಕಾಣಲಿಲ್ಲ.
ಒಬ್ಬ, ಬಂದ ದಾರಿ ಹಿಡಿದು ಹೋಗು ಅಂದ.
ಬಂದ ದಾರಿಗೆ ಸುಂಕವಿಲ್ಲ ಅನ್ನೋದು ನೆನಪಾಗಿ
ನಕ್ಕುಬಿಟ್ಟೆ. ಅವನಿಗೆ ಇನ್ನಷ್ಟು ಸಿಟ್ಟು.

ಎಲ್ಲ ಚೀಟಿಗಳೂ ಒಂದೇ ಅಲ್ಲ, ಒಪ್ಪಿಕೊಳ್ಳುತ್ತೇನೆ.
ಮಾರ್ಚಿನಲ್ಲಿ ಬೆಳ್ಳಿ ಬಣ್ಣದ ಗಾಡಿಯವನು
ನನ್ನ ಬೂಟಿನ ಪಕ್ಕಕ್ಕೇ ಉಗುಳಿದ.
ಮರುದಿನ ಅದೇ ಗಾಡಿಗೆ ಕಾದು ನಿಂತೆ,
ಮೀನಿಗೆ ಕೊಕ್ಕರೆ ನಿಂತಂತೆ, ಒಂಟಿಕಾಲಿನ ಭಕ್ತಿಯಲ್ಲಿ.
ಗಾಜಿಗೆ ಚೀಟಿ ಅಂಟಿಸಿದಾಗ ಬೆರಳಿಗೆ ಹಿತವಾಯಿತು.
ತಪ್ಪು ಅವನದೇ. ಹಿತವಾಗಬಾರದಿತ್ತು.
ಆ ಭಾನುವಾರ ರೊಟ್ಟಿಗೆ ಕೈಯೊಡ್ಡಿದಾಗ
ಮುಂದೆ ಬಂದದ್ದು ಅದೇ ಬೆರಳು.

ಚಾಪೆಲ್ಲಿನಲ್ಲಿ ನಾವು ಹನ್ನೊಂದು ಜನ, ಹೀಟರು ಒಂದು.
ಮರ ಹತ್ತಿದ ಗಿಡ್ಡ ಸುಂಕದವನ ಪ್ರಸಂಗ ಬಂದ ವಾರ
ಹತ್ತು ತಲೆಗಳೂ ನನ್ನತ್ತ ತಿರುಗಿದವು,
ಪ್ರೀತಿಯಿಂದಲೇ. ನಾನೂ ಗಿಡ್ಡಿ.
ಬೋಧಕಿ ಹಿಲರಿಯ ಕಾರು ಬಸ್ ಸ್ಟಾಪಿನ ಮೇಲೇ ನಿಂತಿತ್ತು.
ಅವತ್ತು ನನಗೆ ರಜೆ.

ನಿಯಮಪುಸ್ತಕದಲ್ಲಿ ಒಂದು ಮಾತಿದೆ:
ಕೊಟ್ಟ ಹಣದ ಹೊತ್ತು ಮುಗಿದ ಮೇಲೂ
ಹತ್ತು ನಿಮಿಷ ತಡೆಯಬೇಕು. ಅದಕ್ಕೆ ಅವರಿಟ್ಟ ಹೆಸರು
ಗ್ರೇಸ್.
ತರಬೇತಿಯ ದಿನ ಓದಿ ಬೆಚ್ಚಿಬಿದ್ದೆ.
ನಾವು ಕೃಪೆ ಅನ್ನುತ್ತಿದ್ದುದಕ್ಕೆ ಅಳತೆಗೋಲು ಇರಲಿಲ್ಲ.
ಇಲ್ಲಿ ಯಾರೋ ಕೂತು ಅಳೆದಿದ್ದಾರೆ,
ಆರುನೂರು ಸೆಕೆಂಡು.

ಗುರುವಾರ, ಆಸ್ಪತ್ರೆ ರಸ್ತೆ. ನೀಲಿ ಬಣ್ಣದ ಹಳೇ ಹೋಂಡಾ.
ಹನ್ನೊಂದು ಇಪ್ಪತ್ತಕ್ಕೆ ಹೊತ್ತು ಮುಗಿದಿತ್ತು.
ಹಿಂದಿನ ಸೀಟಿನಲ್ಲಿ ಹೆಂಗಸಿನ ಚಪ್ಪಲಿ, ಉಣ್ಣೆಯ ಟೋಪಿ,
ಅರ್ಧ ಸುಲಿದ ಕಿತ್ತಳೆ.
ಹನ್ನೊಂದು ಮೂವತ್ತು. ಕೃಪೆ ತೀರಿತು.
ಯಂತ್ರ ಸೊಂಟದಲ್ಲಿ ಗುಂಯ್ ಅಂದಿತು.
ಸುಳ್ಳು ಬರೆಯಲಾರೆ, ಗಡಿಯಾರ ಹಿಂದೆ ತಿರುಗಿಸಲಾರೆ.
ಬೂಟಿನ ಲೇಸು ಗಟ್ಟಿಯಾಗಿಯೇ ಇತ್ತು.
ಬಗ್ಗಿ ಬಿಚ್ಚಿದೆ. ಕಟ್ಟಿದೆ. ಇನ್ನೊಂದು ಕಾಲು.
ಮತ್ತೆ ಮೊದಲಿನದು.
ಮೊಣಕಾಲಿಗೆ ಒದ್ದೆ ಕಲ್ಲು ಕೊರೆಯಿತು.
ಇದನ್ನು ಪ್ರಾರ್ಥನೆ ಅನ್ನಲು ನನಗೆ ಧೈರ್ಯವಿಲ್ಲ.

ಮೂವತ್ತಾರಕ್ಕೆ ಮುದುಕ ಬಂದ,
ಓಡಲು ಬಾರದ ಕಾಲಲ್ಲಿ ಓಡುತ್ತ.
ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ,
ಒಳಗೆ ಕನ್ನಡಕ, ಬಾಚಣಿಗೆ, ಒಂದು ಉಂಗುರ.
ನಾನು ಕಂಡೆ. ನಾನು ಕಂಡದ್ದನ್ನು ಅವನು ಕಂಡ.
"ಹದ್ದಿನ ಹಾಗೆ ಕಾಯುತ್ತಿದ್ದೀಯಾ?"
"ಹೌದು," ಅಂದೆ, ಲೇಸಿನ ತುದಿ ಕೈಯಲ್ಲೇ ಹಿಡಿದು,
"ನಿಮಗಾಗಿಯೇ ಕಾಯುತ್ತಿದ್ದೆ."

ಬಾನೆಟ್ಟಿಗೆ ಒರಗಿದ. ಹೆಸರು ಮಾರ್ಜರಿ ಅಂದ.
ಕಿತ್ತಳೆಯ ವಿಷಯ ಹೇಳಿದ, ಉಳಿದರ್ಧ ಆಮೇಲೆ ಅಂದಿದ್ದಳಂತೆ.
ಐವತ್ತೆರಡು ವರ್ಷ ಹೇಳಲು
ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು.
ನನಗೆ ಹೇಳಲು ಏನೂ ಹೊಳೆಯಲಿಲ್ಲ.

ಸಂಜೆ ಗ್ಯಾರೆತ್ ಪರದೆ ನೋಡಿ ಕೇಳಿದ:
ಆಸ್ಪತ್ರೆ ರಸ್ತೆಯಲ್ಲಿ ಇಷ್ಟು ಹೊತ್ತು, ಒಂದೂ ಚೀಟಿ ಇಲ್ಲ?
ಬೂಟಿನ ಲೇಸು ಬಿಚ್ಚಿಹೋಗಿತ್ತು, ಅಂದೆ.
ಅರ್ಧ ನಿಜ.
ಉಳಿದರ್ಧವನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.