ವಿಷಯ ಸಂಖ್ಯೆ ಹದಿನಾಲ್ಕು

ಬರೆಯುವುದು ಮರಾಠಿಯಲ್ಲಿ, ಎಣಿಸುವುದು ಮಾತ್ರ ಕನ್ನಡದಲ್ಲೇ.
ಅಕ್ಕಲಕೋಟೆಯ ಶಾಲೆಯ ಮಗ್ಗಿ ಇನ್ನೂ ನಾಲಿಗೆ ಬಿಟ್ಟಿಲ್ಲ.
ಇಪ್ಪತ್ತೊಂದು ವರ್ಷವಾಯಿತು, ಪುಣೆಯ ಈ ವಿದ್ಯಾಪೀಠದಲ್ಲಿ
ವ್ಯವಸ್ಥಾಪನ ಮಂಡಳಿ ಕೂತಾಗಲೆಲ್ಲ
ಉದ್ದ ಮೇಜಿನ ಬಾಲದ ಕುರ್ಚಿ ನನ್ನದು.
ಅವರು ಆಡಿದ್ದನ್ನೆಲ್ಲ ಬರೆಯುವವಳಲ್ಲ,
ಆಡಿದ್ದರಲ್ಲಿ ಉಳಿಯಬೇಕಾದಷ್ಟನ್ನು ಬರೆಯುವವಳು.

ಉತ್ತರ ಪುಸ್ತಿಕೆ, ಮೂವತ್ತೆರಡು ಪುಟ, ಇಪ್ಪತ್ತೆರಡು ಲಕ್ಷ ಪ್ರತಿ.
ಮೂರು ಲಕೋಟೆ, ಮೂರು ಕೊಟೇಷನ್ನು, ಮೂರು ಮೊಹರು:
ಭೋಸರಿ, ಚಾಕಣ, ಹಡಪಸರ.
ಮೂರರಲ್ಲೂ ‘ಪುರವಠಾ’ ಇರಬೇಕಾದಲ್ಲಿ ‘ಪುವರಠಾ’.
ಮೂವರೂ ಒಂದೇ ಕಲ್ಲಿಗೆ
ಅದೇ ಕಾಲಿನ ಅದೇ ಹೆಬ್ಬೆರಳು ಎಡವುವುದುಂಟೇ?
ಟಿಪ್ಪಣಿಯಲ್ಲಿ ಬರೆದೆ. ಕಡತ ಮೇಲೆ ಹತ್ತಿ ಕೆಳಗಿಳಿಯಿತು.
ನನ್ನ ಸಾಲಿನ ಪಕ್ಕ ಹಸಿರು ಶಾಯಿಯಲ್ಲಿ: ‘ನೋಡಿದೆ’.
ನೋಡಿದೆ ಅಂದರೆ ನೋಡಿದ್ದಾರೆ, ಅಷ್ಟೇ.

ವಿಷಯ ಹದಿಮೂರು: ಉಪಾಹಾರದ ದರ.
ಅವಲಕ್ಕಿ, ಇಲ್ಲಿಯ ಪೋಹೆ, ಪ್ಲೇಟಿಗೆ ಎರಡು ರೂಪಾಯಿ ಏರಿಸಲು
ಕ್ಯಾಂಟೀನಿನವನ ಅರ್ಜಿ.
ನಲವತ್ತು ನಿಮಿಷ.
ಶೇಂಗಾ ಇರುತ್ತದೋ ಇಲ್ಲವೋ, ತೆಂಗಿನ ತುರಿ ಎಷ್ಟು,
ಇದು ಸಾರ್ವಜನಿಕರ ಹಣ ಸ್ವಾಮೀ, ಎಂದು ಮೇಜು ಕುಟ್ಟಿದರು ಚಾಂದೇಕರ ಸರ್.
ಪೋಹೆ ಎಲ್ಲರಿಗೂ ಗೊತ್ತು. ಎಲ್ಲರ ಮನೆಯಲ್ಲೂ ಮಾಡುತ್ತಾರೆ.

ಹದಿನಾಲ್ಕು ಬರುವಾಗ ಚಹಾ ಬಂದಿತ್ತು.
ಅಧ್ಯಕ್ಷರು ಬಿಸ್ಕತ್ತು ಅದ್ದಿದರು;
ಅದು ಮೆತ್ತಗಾಗಿ ಕಪ್ಪಿನೊಳಗೆ ಕುಸಿಯುವಷ್ಟರಲ್ಲಿ
ಮಂಜೂರು.
ನನ್ನ ಎರಡೂ ಭಾಷೆಗೆ ಹೊಂದುವ ಪದ, ಅನುವಾದದ ಕಷ್ಟವಿಲ್ಲ.

ಹೋದ ವರ್ಷಕ್ಕಿಂತ ಪ್ರತಿಗೆ ಒಂದು ರೂಪಾಯಿ ನಲವತ್ತು ಪೈಸೆ ಹೆಚ್ಚು.
ಮನಸ್ಸಿನಲ್ಲೇ ಗುಣಿಸಿದೆ: ಮೂವತ್ತು ಲಕ್ಷದ ಎಂಬತ್ತು ಸಾವಿರ.
ಎಷ್ಟು ಪ್ಲೇಟು ಪೋಹೆ? ಅದನ್ನು ಎಣಿಸಲಿಲ್ಲ,
ನಗು ಬಂದೀತೆಂದು.

ಆಗ ಧಮಢೇರೆ ಬಾಯಿ, ರಸಾಯನಶಾಸ್ತ್ರದಿಂದ ನಿವೃತ್ತರಾದವರು,
ವರ್ಷವಿಡೀ ಒಂದು ಮಾತೂ ಆಡದವರು,
ನಮೂನೆಯ ಪುಸ್ತಿಕೆ ಎತ್ತಿಕೊಂಡು
ಒಂದು ಹಾಳೆಯನ್ನು ಕಿಟಕಿಗೆ ಹಿಡಿದರು.
ಗಾಜಿನಾಚೆಯ ಆಕಾಶಮಲ್ಲಿಗೆ ಮರ
ಹಾಳೆಯ ಮೇಲೆ ಮೂಡಿತು. ಗಾಳಿಗೆ ಅಲುಗಿತು ಕೂಡ.
‘ಮಕ್ಕಳು ಒತ್ತಿ ಬರೀತಾರೆ,’ ಅಂದರು.
‘ಆಚೆಯ ಉತ್ತರ ಈಚೆಯದನ್ನು ತಿಂದುಬಿಡತದೆ.’
ಹಾಳೆ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.
ವಿರೋಧ ಎನ್ನಲಿಲ್ಲ;
ಎನ್ನದ್ದನ್ನು ವಿರೋಧವೆಂದು ಬರೆಯುವಂತಿಲ್ಲ.
ವಿಷಯ ಹದಿನೈದು.

ರಾತ್ರಿ, ಧಾಯರಿಯ ಮನೆಯಲ್ಲಿ,
ಕುಕ್ಕರಿನ ಮೂರನೆಯ ಸೀಟಿಗೆ ಕಾಯುತ್ತ ನಡಾವಳಿ ಬರೆದೆ.
‘ಚರ್ಚೆಯ ನಂತರ ಸರ್ವಾನುಮತದಿಂದ’:
ಬೆರಳಿಗೆ ರೂಢಿಯಾದ ಸಾಲು, ಕರೆಯದೆ ಬರುತ್ತದೆ.
ಬಂತು. ಅಳಿಸಲಿಲ್ಲ. ನಾನೂ ಪಿಂಚಣಿ ಎದುರು ನೋಡುವವಳೇ.
ಅದರ ಬೆನ್ನಿಗೆ ಇನ್ನೊಂದನ್ನು ಸೇರಿಸಿದೆ:
‘ಒಬ್ಬ ಸದಸ್ಯರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.
ಮರ ಕಂಡಿತು.’

ಮುಂದಿನ ತಿಂಗಳು, ವಿಷಯ ಒಂದು:
ಹಿಂದಿನ ಸಭೆಯ ನಡಾವಳಿಯ ದೃಢೀಕರಣ.
‘ಓದಿದಂತೆ ಭಾವಿಸೋಣ,’ ಎಂದರು ಅಧ್ಯಕ್ಷರು.
ಭಾವಿಸಿದರು. ಹದಿನೆಂಟು ತಲೆ ಒಟ್ಟಿಗೆ ಆಡಿದವು.
ಧಮಢೇರೆ ಬಾಯಿ ಮಾತ್ರ ಆರನೆಯ ಪುಟ ಮಗುಚಿ
ನನ್ನ ಕುರ್ಚಿಯ ಕಡೆ ಒಮ್ಮೆ ನೋಡಿದರು.

ಈಗ ಅದು ಮಂಜೂರಾದ ಮರ.
ಆರನೆಯ ಪುಟ, ಕೆಳಗಿನಿಂದ ನಾಲ್ಕನೆಯ ಸಾಲು;
ದುಂಡು ಮೊಹರಿನ ಅಂಚು ಅದರ ಕೊಂಬೆಗೆ ತಾಗಿದೆ.
ಯಾವಾಗಲಾದರೂ ಆಡಿಟ್‌ನವರು ಬರುತ್ತಾರೆ,
ಕೆಂಪು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು.
ಮೊದಲು ಕೇಳುವುದು ಪೋಹೆಯ ಬಿಲ್ಲು, ನನಗೆ ಗೊತ್ತು.
ಕೊಡುತ್ತೇನೆ.
ಗಾಳಿಗೆ ಹಾರದಿರಲೆಂದು ಅದರ ಮೇಲೆ
ಈ ಕಡತ ಇಡುತ್ತೇನೆ, ಆರನೆಯ ಪುಟಕ್ಕೆ ತೆರೆದು.