ಮೂರು ಬಣ್ಣದ ಡಬ್ಬಿ

ಹಳದಿ, ಬಿಳಿ, ಕೆಂಪು.
ಬಂಡೆಯ ಮೇಲೆ ಗೇಣುದ್ದದ ಮೂರು ಪಟ್ಟಿ.
ಇದನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ
ಅಂತ ಮತ್ರಾದ ಗುಡ್ಡ ಹತ್ತುವವರಿಗೆಲ್ಲ ಗೊತ್ತು.
ಬಳಿದವನು ನಾನು ಅಂತ ಗೊತ್ತಿಲ್ಲ.

ತದಡಿಯಲ್ಲಿ ದೋಣಿಗೆ ಹೆಸರು ಬರೆಯುತ್ತಿದ್ದೆ.
ಅಲೆಯ ಪೆಟ್ಟಿಗೆ ಎದೆಯೊಡ್ಡುವ ಅಕ್ಷರ,
ಒಂದು ಮಳೆಗಾಲಕ್ಕೆ ಅಳಿಸಿ
ಮತ್ತೆ ನನಗೇ ಕೂಲಿ ಕೊಡುವ ಅಕ್ಷರ.
ಇಲ್ಲಿ ಬಿಸಿಲೇ ಬಣ್ಣ ನೆಕ್ಕುತ್ತದೆ.
ಎರಡು ವರ್ಷಕ್ಕೊಮ್ಮೆ ಕಂತ್ರಾಟುದಾರ ಫೋನು ಮಾಡುತ್ತಾನೆ.

ಮೊದಲನೆಯದು ಸುಲಭ,
ಹಾಗಂತ ಫಲಕದಲ್ಲಿದೆ.
ರಿಯಾಮಿನಿಂದ ಬಂದರಿನವರೆಗೆ ಕಲ್ಲುಹಾಸು,
ಬಲಕ್ಕೆ ಹಡಗು, ಎಡಕ್ಕೆ ಬರೀ ಮೂಳೆಯಂಥ ಗುಡ್ಡ.
ನೀರಿನಲ್ಲಿ ತಾರ್ಲಿ ಹಿಂಡು ಮಗ್ಗುಲು ತಿರುಗಿದಾಗ
ಯಾರದೋ ಕಿಸೆಯಿಂದ ಚಿಲ್ಲರೆ ಚೆಲ್ಲಿದ ಹಾಗೆ.

ಎರಡನೆಯದು ಮಧ್ಯಮ.
ವಾದಿಯೊಳಗಿನ ಹಳ್ಳಿಗೆ ಹೋಗುವುದು.
ಫಲಜಿನ ಅಂಚು, ಪಾದದಷ್ಟೇ ಅಗಲದ ಗೋಡೆ,
ಒಂದು ಕಡೆ ಹರಿಯುವ ನೀರು,
ಇನ್ನೊಂದು ಕಡೆ ಖರ್ಜೂರದ ತಲೆಗಳು, ಕಾಲ ಕೆಳಗೆ.
ಸಂಕ ದಾಟಿ ಬೆಳೆದ ಕಾಲು ನನ್ನದು, ಮರೆತಿರಲಿಲ್ಲ.
ಮೊಫಿಜುಲ್ ಮಾತ್ರ ಕೂತುಕೊಂಡೇ ಜರುಗಿದ,
ಬಿಳಿ ಡಬ್ಬಿ ತೊಡೆಯ ಮೇಲಿಟ್ಟು,
ಬಾಯಲ್ಲಿ ಏನೋ ಪ್ರಾರ್ಥನೆ.

ಮೂರನೆಯದಕ್ಕೆ
ಕಠಿಣ ಅಂತ ಎಂಜಿನಿಯರ್ ವಲೀದ್ ಬರೆದುಕೊಂಡ,
ಗಡಿಯಾರ ನೋಡಿ, ಏದುಸಿರು ನಿಲ್ಲಿಸಿ,
ಏರು ಇಷ್ಟು ಮೀಟರು, ನೀರು ಮೂರು ಲೀಟರು.
ಅಷ್ಟರಲ್ಲಿ ಮೇಲಿನಿಂದ ಗಾಲಿಯಾ ಇಳಿದು ಬಂದಳು,
ಸವೆದ ರಬ್ಬರ್ ಚಪ್ಪಲಿ, ತಲೆಯ ಮೇಲೆ ಮೇವಿನ ಕಟ್ಟು,
ಹಿಂದೆ ಎಂಟು ಆಡು, ಒಂದು ಕುಂಟು.
ಇದೆಂಥ ದಾರಿ ಅಮ್ಮಾ, ಅಂತ ಕೇಳಿದರೆ
ಮನೆಯ ದಾರಿ, ಅಂದಳು.
ವಲೀದ್ ಪೆನ್ನು ಕಿವಿಗೆ ಸಿಕ್ಕಿಸಿದ.
ಆಮೇಲೆ ಕಠಿಣ ಅಂತಲೇ ಅಚ್ಚಾಯಿತು.

ನನ್ನ ಲೆಕ್ಕ ಬೇರೆ.
ಸಂಬಳ ತಡವಾದ ತಿಂಗಳು
ರೂಮಿನಿಂದ ಕಿರಾಣಿ ಅಂಗಡಿಯವರೆಗಿನ ಸಪಾಟು ರಸ್ತೆಗೆ
ಯಾವ ದರ್ಜೆ ಅಂತ ಯಾರು ಬಳಿಯಬೇಕು?

ಜೂನಿನಲ್ಲಿ ನಸುಕಿನ ನಾಲ್ಕಕ್ಕೇ ಹತ್ತುತ್ತಿದ್ದೆವು.
ಎಂಟಕ್ಕೆ ಬಂಡೆಯೆಂದರೆ ಕಾವಲಿ,
ಬ್ರಷ್ ಇಟ್ಟರೆ ಚುಂಯ್, ದೋಸೆ ಹುಯ್ದ ಹಾಗೆ.
ಮೂರನೆಯ ದಾರಿಯ ಅರ್ಧದಲ್ಲಿ ಒಂದು ಚಾಚುಗಲ್ಲು,
ಅದರಡಿ ಒಬ್ಬನಷ್ಟೇ ನೆರಳು.
ಅಲ್ಲೇ ಮೊಫಿಜುಲ್‌ಗೆ ಕಣ್ಣು ಕತ್ತಲೆ ಬಂದದ್ದು.
ನೀರು ಚಿಮುಕಿಸಿದೆ, ನನ್ನ ಪಾಲಿನದೂ ಕುಡಿಸಿದೆ.
ಕಣ್ಣು ಬಿಟ್ಟು ಅವನು ಮೊದಲು ಕೇಳಿದ್ದು
ಬಣ್ಣ ಚೆಲ್ಲಿತಾ ಅಂತ.

ಚೆಲ್ಲಿತ್ತು.
ತಳದಲ್ಲಿ ಉಳಿದ ಹಳದಿ ಬಳಿದು ತೆಗೆದು
ಕಲ್ಲಿನ ಒಳಮೈಗೆ, ದೋಣಿಯ ಮೂತಿಗೆ ಬರೆಯುವ ಕೈಯಲ್ಲೇ
ಬರೆದೆ: ಕೂತು ಹೋಗಿ.
ನಕ್ಷೆಯಲ್ಲಿಲ್ಲ ಅದು, ಕಂತ್ರಾಟಿನಲ್ಲೂ ಇಲ್ಲ.
ಓದಲು ಬರುವವರು ಇತ್ತ ಬರುವುದೂ ಅಪರೂಪ.

ಮೊಫಿಜುಲ್ ಊರಿಗೆ ಹೋದ, ಮತ್ತೆ ಬರಲಿಲ್ಲ.
ಕಳೆದ ಶುಕ್ರವಾರ ನಾನು ಹತ್ತಿದೆ,
ಡಬ್ಬಿಯಿಲ್ಲದೆ, ಕೈ ಬೀಸಿಕೊಂಡು.
ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.
ನೆರಳಿನ ತುಂಬ ಗಾಲಿಯಾಳ ಕುಂಟು ಆಡು
ಮಲಗಿ ಮೆಲುಕು ಹಾಕುತ್ತಿತ್ತು.
ಕೊಂಬು ಉಜ್ಜಿ ಉಜ್ಜಿ 'ಹೋಗಿ' ಅಳಿಸಿತ್ತು.
'ಕೂತು' ಮಾತ್ರ ಉಳಿದಿತ್ತು, ಹಳದಿ, ಗಟ್ಟಿ.

ಎಬ್ಬಿಸಲಿಲ್ಲ.
ಅದರ ಬೆನ್ನಿಗೆ ಬೆನ್ನು ತಾಗಿಸಿ,
ಅರ್ಧ ಬಿಸಿಲಿನಲ್ಲಿ.