ಏಣಿಯ ಮೂರನೇ ಮೆಟ್ಟಿಲು

ಬಿದ್ದದ್ದು ನೀರಿನಲ್ಲಲ್ಲ.
ನೀರು ಅವನನ್ನು ಎಂದೂ ಬೀಳಿಸಿದ್ದಿಲ್ಲ.
ದೋಣಿಯ ಏಣಿ, ಮೂರನೇ ಮೆಟ್ಟಿಲು,
ಬೆನ್ನ ಮೇಲಿನ ಸಿಲಿಂಡರಿಗೆ ತೂಕ ಮರಳಿ ಬಂದ ಗಳಿಗೆ
ಎದೆಯಲ್ಲಿ ತುಂಬಿದ್ದ ರಕ್ತ ಕಾಲಿಗಿಳಿದು
ಯೆರ್ಕೊ ಕಣ್ಣು ತೆರೆದೇ ಇಲ್ಲವಾದ.
ಹವಳದ ಚೀಲ ಹಿಡಿಯಲು ಚಾಚಿದ ಕೈ
ಅವನ ಪಟ್ಟಿ ಹಿಡಿಯಿತು.
ಚೀಲ ಹೋಯಿತು.

ಶಿಬೆನಿಕ್ ಆಸ್ಪತ್ರೆಯ ಉದ್ದನೆ ಕಾಗದದಲ್ಲಿ
ಗುಡ್ಡ, ಗುಡ್ಡ, ಗುಡ್ಡ,
ಆಮೇಲೆ ನಾಲ್ಕು ಸೆಕೆಂಡು ಬಯಲು.
"ಇಷ್ಟೇನಾ?" ಅಂದ,
"ಇದರ ಮೂವತ್ತು ಪಟ್ಟು ಉಸಿರು ಹಿಡಿದವನು ನಾನು."
ಡಾಕ್ಟರು ನಗಲಿಲ್ಲ:
"ಉಸಿರು, ನೀವು ಹಿಡಿದದ್ದು.
ಇದು ನಿಮ್ಮನ್ನು ಕೇಳದೆ ನಿಂತದ್ದು."

ಎಪ್ಪತ್ತೊಂದಕ್ಕೆ ಕೊರಳನ್ನೂ ನಂಬುವಂತಿಲ್ಲವಂತೆ.
ಬಿಗಿ ರಬ್ಬರಿನ ಕಾಲರು ಒಂದಿಷ್ಟು ಒತ್ತಿದರೂ ಸಾಕು,
ಎದೆಗೆ ತಪ್ಪು ಸುದ್ದಿ ಮುಟ್ಟುತ್ತದಂತೆ.

ಇವತ್ತು ಅವನ ಸೂಟು ನನ್ನ ಮಡಿಲಲ್ಲಿ.
ಎದುರೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾನೆ,
ತಲೆಯೆತ್ತದೆ ಕೇಳುತ್ತಾನೆ:
"ನೇದಾ, ಕೊರಳು ಅಗಲ ಮಾಡ್ತಿದೀಯೋ,
ಹಾಳು ಮಾಡ್ತಿದೀಯೋ?"

ಅದು ನನಗೂ ಇನ್ನೂ ಗೊತ್ತಿಲ್ಲ.
ಕತ್ತರಿ ಬಾಯಿ ತೆರೆದು ನಿಂತಿದೆ.
ಬೆಳ್ಳುಳ್ಳಿಯ ಸದ್ದು ನಿಂತಿತು.
ಒಂದು, ಎರಡು, ಮೂರು,
ಮತ್ತೆ ಸಿಪ್ಪೆ ಚರಕ್ಕೆನ್ನುವವರೆಗೆ
ತಲೆಯೆತ್ತಲಿಲ್ಲ ನಾನು.